ಎಂಟಡಿಯ ಮೇಜೋ, ಗಾಜಿನ ಪೆಟ್ಟಿಗೆಯೋ

ಜೂನ್ ೧೧

ಮಹಡಿಯ ಮಹಾರಾಣಿಗೆ,

ನಾವಿಲ್ಲಿ ಕ್ಷೇಮ. ಅಲ್ಲಿ ನಿನ್ನ ಕೆಮ್ಮೊಂದು ಕ್ಷೇಮವಾಗಿರದಿರಲಿ. ಉತ್ತರ ತಡವಾಯಿತೆಂದು ಬೈಯಬೇಡ. ಬೈದರೂ ಉಸಿರು ಕಟ್ಟದ ಹಾಗೆ ನಿಧಾನವಾಗಿ ಬೈ. ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುತ್ತದಲ್ಲ, ಸಿಎನ್‌ಸಿ ರೌಟರ್, ಅದನ್ನು ಅಳತೆ ಕೊಟ್ಟು ಮಾಡಿಸುವ ಮಹತ್ಕಾರ್ಯದಲ್ಲಿ ಮುಳುಗಿದ್ದೆ. ಮದುವೆಯೇ ಇದಕ್ಕಿಂತ ಸುಲಭ. ಆಗ ಉದ್ದ ಅಗಲ ಎಷ್ಟಿರಲಿ ಅಂತ ನನ್ನನ್ನು ಯಾರೂ ಕೇಳಿರಲಿಲ್ಲ.

ಅಮ್ಮನನ್ನೂ ಕರೆದುಕೊಂಡು ಮಷೀನು ಕಟ್ಟುವವನ ಶೆಡ್ಡಿಗೆ ಹೋದೆ. "ಮೇಜು ಎಷ್ಟಕ್ಕೆಷ್ಟು ಸಾರ್?" ಅಂದ. ಎದೆಯುಬ್ಬಿಸಿ, "ಎಂಟಡಿಗೆ ನಾಲ್ಕಡಿ. ಇಡೀ ಬಾಗಿಲು ಮಲಗಬೇಕು" ಅಂದೆ.

"ಮೋಟರಿನ ಸದ್ದು?"

"ಅಮ್ಮನ ದನಿಗಿಂತ ಕಡಿಮೆ ಇದ್ದರೆ ಸಾಕು."

"ಹಾಗಾದ್ರೆ ಯಾವುದಾದ್ರೂ ನಡೆಯುತ್ತೆ, ಬರ್ಕೊಳಪ್ಪ" ಅಂದಳು ಅಮ್ಮ.

ಆಮೇಲೆ ಅವನು, "ಧೂಳು?" ಅಂದ. "ಅದನ್ನೇ ಮೊದಲು ಕೇಳಬೇಕಿತ್ತು" ಅಂದೆ. ಅಂಗಡಿ ಮೇಲಿನ ಈ ಮನೆಯಿಂದ ಡಾಕ್ಟರು ನಿನ್ನನ್ನು ನಿನ್ನಣ್ಣನ ಮನೆಗೆ ಓಡಿಸಿದ್ದೇ ಅದಕ್ಕಲ್ಲವೇ?

ಧೂಳು ಎಳೆಯುವ ಪೈಪು ಮಾತ್ರ ಇರುವ ಮಷೀನು ಒಂದು, ಸುತ್ತಲೂ ಗಾಜಿನ ಪೆಟ್ಟಿಗೆ ಮುಚ್ಚಿದ್ದು ಇನ್ನೊಂದು. ಪರೀಕ್ಷೆಗೆಂದು ನಿನ್ನ ಕಪ್ಪು ಶಾಲು ಒಯ್ದಿದ್ದೆ. ಪಕ್ಕದ ಕುರ್ಚಿಗೆ ಹೊದಿಸಿದರೆ, "ಕುರ್ಚಿಗೆ ಸನ್ಮಾನಾನಾ ಸಾರ್?" ಅಂತ ಹಲ್ಲುಕಿರಿದ. ಪೈಪಿನದರ ಮುಂದೆ ಶಾಲು ನೋಡನೋಡುತ್ತ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿತು. ಕೊಡವಿ, ಪೆಟ್ಟಿಗೆಯದರ ಮುಂದೆ ಹೊದಿಸಿದೆ. ಕಪ್ಪು ಕಪ್ಪಾಗೇ ಉಳಿಯಿತು! ಒಂದೇ ಒಂದು ಬಿಳಿ ಚುಕ್ಕೆ. "ಅದು ನಿನ್ನ ತಲೆಹೊಟ್ಟು ಕಣೋ" ಅಂತ ಅಮ್ಮ ತೀರ್ಪು ಕೊಟ್ಟಳು.

ಆದರೆ ಎಂಟಡಿಯ ಮೇಜಿಗೆ ಪೆಟ್ಟಿಗೆ ಕಟ್ಟಿದರೆ ನಾನು ಬೀದಿಯಲ್ಲಿ ನಿಲ್ಲಬೇಕು. ನಮ್ಮ ಅಂಗಡಿ ಇರುವುದೇ ಅಷ್ಟು. ನಾಲ್ಕಕ್ಕೆ ನಾಲ್ಕು ಅಂದುಬಿಟ್ಟೆ. ಇನ್ನು ಬಾಗಿಲುಗಳೆಲ್ಲ ಎದುರಿನ ಬಡಗಿ ಅಂಗಡಿಯವನ ಪಾಲು, ನನಗೆ ಕಿಟಕಿ, ಕಪಾಟು. "ಏನು ಮೇಸ್ತ್ರಿ, ಬಾಗಿಲು ಬಿಟ್ಟು ಕಿಟಕಿಗೆ ಇಳಿದ್ಯಂತೆ?" ಅಂತ ಅವನು ಕಾಲೆಳೆದ. "ಗಾಳಿ ಬರೋದು ಕಿಟಕಿಯಿಂದಲೇ ಕಣಯ್ಯ" ಅಂದೆ. ಹೊಟ್ಟೆ ಸ್ವಲ್ಪ ಉರಿಯಿತು, ಸುಳ್ಳೇಕೆ.

ಹಳೆಯ ಗರಗಸ, ಉಜ್ಜುವ ಮಷೀನು ಎಲ್ಲಕ್ಕೂ ಹಿತ್ತಿಲ ಶೆಡ್ಡಿಗೆ ಗಡೀಪಾರು. ಮಹಡಿಯನ್ನು ನಾನೇ ಒರೆಸಿದೆ. ಅಮ್ಮ ಮತ್ತೊಮ್ಮೆ ಒರೆಸಿದಳು. ನಾನು ಮಾಡಿದ್ದು ಬರೀ ಧೂಳಿನ ವರ್ಗಾವಣೆಯಂತೆ. ನಿನ್ನ ಶಾಲು ಒಗೆದು ಮಂಚದ ಮೇಲೆ ಹರವಿದ್ದೇನೆ. ಬೆಳಿಗ್ಗೆ ಎದ್ದೊಡನೆ ಅದನ್ನು ನೋಡುವುದೇ ನನ್ನ ಈಗಿನ ಉದ್ಯೋಗ. ಇವತ್ತೂ ಕಪ್ಪಗೇ ಇದೆ.

ನಿನ್ನಣ್ಣನ ಪಾಪುವಿಗೆ ನನ್ನ ಆಶೀರ್ವಾದ. ನಿನಗೆ ಉದ್ದನೆಯ, ತಡೆಯಿಲ್ಲದ ಉಸಿರು ಸಿಗಲಿ.

ಇತಿ, ನೀನೇ ಇಟ್ಟ ಹೆಸರಿನ
ಧೂಳಪ್ಪ

ತಾ.ಕ.: ಧೂಳಿನಿಂದ ದೂರವಿರಲು ಡಾಕ್ಟರು ಹೇಳಿದ್ದ ಗಡುವು ಮುಗಿದು ಬಹಳ ದಿನವಾಯಿತು. ಬರುತ್ತೇನೆ ಅಂತ ನೀನು ಬರೆಯಲಿಲ್ಲ, ಯಾಕೆ ಅಂತ ನಾನು ಕೇಳಲಿಲ್ಲ. ನೀನು ಹೋದದ್ದು ಬರೀ ಧೂಳಿಗೇ ತಾನೇ? ಬೇರೆ ಏನಾದರೂ ಇದ್ದರೆ ಈಗಲೇ ಹೇಳಿಬಿಡು. ಮಷೀನಿನ ಆರ್ಡರಿನಲ್ಲಿ ಶನಿವಾರದವರೆಗೆ ಏನು ಬೇಕಾದರೂ ಬದಲಾಯಿಸಬಹುದಂತೆ.