ಎಡ ಮೂಲೆಯ ಚೌಕ

ಮನೆ, ಅಪ್ಪನ ಕೋಣೆಯ ಪಕ್ಕದ ಮೇಜು
ಸೆಪ್ಟೆಂಬರ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತಾ, ಇಲ್ಲಾ ಅತ್ತಿಗೆಯ ಕೈಲಿ ಇನ್ನೂ ಎಣ್ಣೆ ತಿಕ್ಕಿಸಿಕೊಂಡು ಸುಖವಾಗಿದ್ದೀಯಾ? ಮಕ್ಕಳು ಚೆನ್ನಾಗಿದ್ದಾರೆ ತಾನೆ? ಈ ಕಾಲದಲ್ಲಿ ಕಾಗದ ಯಾಕೆ ಎಂದು ಹುಬ್ಬೇರಿಸಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೂ ‘ಆಮೇಲೆ ಮಾಡ್ತೀನಿ ಕಣೇ’ ಎಂದು ಇಟ್ಟುಬಿಡುತ್ತೀಯ. ಕಾಗದವನ್ನಾದರೆ ಓದದೆ ವಿಧಿಯಿಲ್ಲ.

ನಾನು ಈಗ ಮನೆಯಿಂದಲೇ ಕೆಲಸ ಮಾಡುತ್ತಿದ್ದೇನೆ. ಅದೇ ಹಳೇ ಕೆಲಸ. ಲಿಫ್ಟ್‌ನಲ್ಲಿ ಸಿಕ್ಕಿಕೊಂಡವರು ಗುಂಡಿ ಒತ್ತಿದರೆ ನಮಗೆ ಕರೆ ಬರುತ್ತದೆ, ಮೆಕ್ಯಾನಿಕ್ ಬಂದು ಬಾಗಿಲು ತೆಗೆಯುವವರೆಗೆ ಅವರ ಜೊತೆ ಮಾತಾಡುತ್ತಾ ಇರಬೇಕು. ಬಾಯಿಬಡುಕಿಗೆ ಹೇಳಿ ಮಾಡಿಸಿದ ಕೆಲಸ ಎಂದು ನೀನೇ ರೇಗಿಸಿದ್ದೆಯಲ್ಲ! ಆದರೆ ಅಂಥ ಕರೆ ಮುಗಿದ ಮೇಲೆ ನಮಗೂ ಯಾರಾದರೂ ಬೇಕಾಗುತ್ತಾರೆ. ಆಫೀಸಿನಲ್ಲಿ ಪಕ್ಕದ ಕುರ್ಚಿಯವರು ಬೆನ್ನು ತಟ್ಟುತ್ತಿದ್ದರು, ಮನೆಯಲ್ಲಿ ಇರುವುದು ಗೋಡೆ. ಅದಕ್ಕೇ ನಮ್ಮ ಮೇಲ್ವಿಚಾರಕಿ ಒಂದು ಪದ್ಧತಿ ಮಾಡಿದ್ದಾರೆ. ಪಾಳಿ ಮುಗಿಯುವವರೆಗೂ ಎಲ್ಲರ ವಿಡಿಯೊ ತೆರೆದೇ ಇರಬೇಕು. ಮಾತಾಡಲೇಬೇಕೆಂದೇನಿಲ್ಲ. ಕರೆ ಬಂದಾಗ ಮೈಕ್ ಮುಚ್ಚುತ್ತೇವೆ, ಮುಗಿದ ಮೇಲೆ ತೆರೆದು ಉಸ್ಸಪ್ಪಾ ಎಂದರೂ ಸಾಕು, ಯಾರಾದರೊಬ್ಬರು ‘ಮೊದ್ಲು ಟೀ ಕುಡೀರಿ’ ಎನ್ನುತ್ತಾರೆ. ಒಬ್ಬಳು ಬಟಾಣಿ ಸುಲಿಯುತ್ತಿರುತ್ತಾಳೆ, ಇನ್ನೊಬ್ಬರ ಬೆಕ್ಕು ಕೀಬೋರ್ಡಿನ ಮೇಲೆ ಮಲಗಿರುತ್ತದೆ. ಒಂದೇ ಕೋಣೆಯಲ್ಲಿ ಕೂತ ಹಾಗಿತ್ತು. ಅಷ್ಟರಲ್ಲಿ ಅಪ್ಪ ಬಂದು ನನ್ನ ಪಕ್ಕದಲ್ಲಿ ಕೂರತೊಡಗಿದರು.

ಅಪ್ಪನ ಮರೆವು ನಿನಗೆ ಗೊತ್ತೇ ಇದೆ. ಪರದೆಯಲ್ಲಿ ಕಾಣುವ ಇವರೆಲ್ಲ ಮನೆಗೆ ಬಂದ ನೆಂಟರು ಎಂದೇ ಅವರ ಲೆಕ್ಕ. ‘ಎಷ್ಟೊತ್ತಿಂದ ಕೂತಿದಾರೆ, ನೀರಾದ್ರೂ ಕೊಟ್ಯಾ?’ ಎಂದು ನನ್ನನ್ನೇ ಗದರಿದರು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಪರದೆಯ ಎಡ ಮೂಲೆಯ ಚೌಕದಲ್ಲಿ ಒಬ್ಬರು ಕೂರುತ್ತಾರೆ, ಸೆಖೆಯಲ್ಲೂ ಕೊರಳಿಗೆ ಕೆಂಪು ಮಫ್ಲರ್ ಸುತ್ತಿಕೊಳ್ಳುವ ಮಹಾಶಯರು. ನಾವು ಅವರನ್ನು ಮಫ್ಲರ್ ಎಂದೇ ಕರೆಯುವುದು. ಅಪ್ಪ ಅವರನ್ನು ದಿಟ್ಟಿಸಿ ನೋಡಿ, ‘ಬಂದ್ಯೇನೋ ಮರೀ’ ಎಂದರು. ನಿನ್ನನ್ನು ಕರೆಯುವ ಅದೇ ದನಿ. ಮಫ್ಲರ್ ಕ್ಯಾಮೆರಾದತ್ತ ಬಾಗಿ, ‘ಬಂದೆ ಅಪ್ಪಾ’ ಎಂದುಬಿಟ್ಟರು.

ಅವತ್ತಿನಿಂದ ಅಪ್ಪನಿಗೆ ಅವರು ಹೇಳಿದ್ದೇ ವೇದವಾಕ್ಯ. ನಾನು ತಲೆ ಕೆಳಗಾಗಿ ನಿಂತರೂ ತುತ್ತು ಒಳಗಿಳಿಯದು. ಅವರು ‘ಊಟ ಮಾಡಿ ಅಪ್ಪಾ, ಮಾತ್ರೆ ತಗೊಳ್ಳಿ’ ಎಂದರೆ ಸುಮ್ಮನೆ ಬಾಯಿ ತೆರೆಯುತ್ತಾರೆ. ರಜೆ ಬಂತೆಂದರೆ ನನ್ನ ಗೋಳು ಕೇಳಬೇಡ. ಇವತ್ತೂ ತಟ್ಟೆ ಹಾಕಿದ್ದು ಹಾಕಿದ ಹಾಗೇ ಇದೆ. ಆರಿದ ಪರದೆಯ ಮುಂದೆ ಕೂತು, ‘ಅವನು ಬರಲಿ, ಒಟ್ಟಿಗೆ ಉಣ್ತೀನಿ’ ಎನ್ನುತ್ತಿದ್ದಾರೆ.

ಹೋದ ಸಲ ನೀನು ಫೋನ್ ಮಾಡಿದಾಗ ‘ಯಾರಪ್ಪಾ ನೀನು? ನನ್ನ ಮಗ ಇಲ್ಲೇ ಇದಾನೆ’ ಎಂದರಲ್ಲ, ಅದು ಇದರಿಂದಲೇ ಕಣೋ. ಆಮೇಲೆ ನೀನು ಫೋನ್ ಮಾಡುವುದನ್ನೇ ಬಿಟ್ಟೆ. ನಿನಗೆ ಎಷ್ಟು ನೋವಾಗಿದೆ ಎಂದು ನನಗೆ ಗೊತ್ತಿಲ್ಲವೇ? ಆದರೆ ಆ ಮುನಿಸನ್ನು ಯಾರಿಗೆ ತೋರಿಸುತ್ತೀಯ, ಹೇಳು. ನೀನು ಮುನಿದಿರುವುದೇ ಅವರಿಗೆ ತಿಳಿದಿಲ್ಲ. ಅವರ ಪಾಲಿಗೆ ನೀನು ದಿನಾ ಬರುತ್ತಿದ್ದೀಯ. ನಾನು ದಿನವಿಡೀ ಯಾರ್ಯಾರಿಗೋ ‘ಗಾಬರಿಯಾಗ್ಬೇಡಿ, ಬರ್ತಾ ಇದಾರೆ’ ಎಂದು ಧೈರ್ಯ ಹೇಳುತ್ತೇನೆ. ನನಗೆ ಹಾಗೆ ಹೇಳುವವರಿಲ್ಲ ಅಣ್ಣಾ, ಕೈಕಾಲೇ ಆಡುತ್ತಿಲ್ಲ.

ಅತ್ತಿಗೆಗೆ ನನ್ನ ನೆನಪು ಹೇಳು, ಮಕ್ಕಳ ಕೆನ್ನೆ ಹಿಂಡು. ನಿನ್ನ ಸೊಂಟ ಜೋಪಾನ, ಭಾರ ಎತ್ತಬೇಡ.

ನಿನ್ನ ಬಾಯಿಬಡುಕಿ ತಂಗಿ

ತಾ.ಕ.: ಹೇಳಬೇಕಾದದ್ದನ್ನೇ ಬರೆಯಲಿಲ್ಲ ನೋಡು. ಮಫ್ಲರ್ ಕೆಲಸ ಬಿಡುತ್ತಿದ್ದಾರೆ, ಈ ತಿಂಗಳೇ ಕೊನೆ. ಮೇಲ್ವಿಚಾರಕಿಯನ್ನು ಕಾಡಿ ಬೇಡಿ ಒಪ್ಪಿಸಿದ್ದೇನೆ. ಊಟದ ವಿರಾಮದಲ್ಲಿ ಎಡ ಮೂಲೆಯ ಚೌಕದಲ್ಲಿ ನೀನು ಕೂರಬಹುದು. ಊರಿಗೇನೂ ಬರಬೇಡ, ಅಲ್ಲಿಂದಲೇ ಕೂತರೆ ಸಾಕು. ಜೊತೆಗಿರುವ ಪೊಟ್ಟಣದಲ್ಲಿ ಅವರದೇ ಇನ್ನೊಂದು ಕೆಂಪು ಮಫ್ಲರ್ ಇದೆ, ಪಾಪ, ಒಗೆದು ಇಸ್ತ್ರಿ ಮಾಡಿ ಕಳಿಸಿಕೊಟ್ಟಿದ್ದಾರೆ. ಬೇಜಾರು ಮಾಡಿಕೊಳ್ಳದೆ ಕೊರಳಿಗೆ ಸುತ್ತಿಕೋ ಅಣ್ಣಾ. ಅದಿಲ್ಲದಿದ್ದರೆ ಅಪ್ಪನಿಗೆ ನಿನ್ನ ಗುರುತು ಸಿಗುವುದಿಲ್ಲ.