ಗಡಿಯಾರದ ಮಾವನ ಹೊಸ ಮುಖ

ವಾಹಿನಿಯ ಮ್ಯಾನೇಜರ್ ಅವರಿಗೆ ನಮಸ್ಕಾರ.

ನಾನು ಯಾರೆಂದು ನಿಮ್ಮ ಮೇಕಪ್‌ನವರನ್ನು ಕೇಳಿದರೆ ಹೇಳುತ್ತಾರೆ. ಹಳೆಯ ಧಾರಾವಾಹಿಯಲ್ಲಿ ಗಡಿಯಾರ ರಿಪೇರಿ ಮಾಡುವ ಮಾವನ ಪಾತ್ರ ಮಾಡಿದವರು ನಮ್ಮ ಯಜಮಾನರು. ಅವರು ತೀರಿಕೊಂಡು ಕಳೆದ ತಿಂಗಳಿಗೆ ಎರಡು ವರ್ಷವಾಯಿತು.

ಅದೇ ಧಾರಾವಾಹಿಯನ್ನು ನೀವು ಹೊಸಬರನ್ನಿಟ್ಟು ಮತ್ತೆ ತೆಗೆದಿರಿ. ಜನ ಬೈಯುತ್ತಿದ್ದಾರೆಂದು ಈಗ ನಿಲ್ಲಿಸಿ, ಅದೇ ಮಧ್ಯಾಹ್ನ ಒಂದು ಗಂಟೆಗೆ ಹಳೆಯದನ್ನೇ ಹಾಕುತ್ತೀರೆಂದು ಪೇಪರಿನಲ್ಲಿ ಓದಿದೆ. ದಯವಿಟ್ಟು ನಿಲ್ಲಿಸಬೇಡಿ. ಹೊಸ ಮಾವ ಹಳೆಯವರ ಹಾಗಿಲ್ಲ ಎನ್ನುವುದು ಎಲ್ಲರ ದೂರು. ನಿಜ, ಒಂದಿಷ್ಟೂ ಇಲ್ಲ. ಸ್ಕ್ರೂಡ್ರೈವರನ್ನು ಚಮಚದ ಹಾಗೆ ಹಿಡಿಯುತ್ತಾನೆ. ಆದರೂ ನಾನು ಒಂದು ಕಂತನ್ನೂ ಬಿಟ್ಟಿಲ್ಲ. ಅವನು ಬಾಗಿಲು ತೆರೆದು ಬಂದರೆ ಯಾರೋ ಒಬ್ಬರು ಬಂದ ಹಾಗಾಗುತ್ತದೆ, ಅಷ್ಟೇ. ಕೂತು ನೋಡಬಹುದು.

ಅವನ ಕನ್ನಡಕ ಮೂಗಿನಿಂದ ಜಾರುತ್ತದೆ. ಹಳೆಯದು ನಮ್ಮಲ್ಲೇ ಇದೆ. ಯಾರನ್ನಾದರೂ ಕಳಿಸಿದರೆ ಕೊಡುತ್ತೇನೆ.

ನಿಲ್ಲಿಸಲೇಬೇಕೆಂದಿದ್ದರೆ ಹಳೆಯದನ್ನು ಬೆಳಿಗ್ಗೆ ಹತ್ತಕ್ಕೆ ಹಾಕಿ. ಆಗ ನಾನು ಹೊಲಿಗೆ ಅಂಗಡಿಯಲ್ಲಿರುತ್ತೇನೆ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಪಕ್ಕದ ಮನೆಯ ಟೀವಿ ಗೋಡೆ ದಾಟಿ ಕೇಳಿಸುತ್ತದೆ. ಮೊನ್ನೆ ಅವರು ಹಳೆಯ ಕಂತೊಂದನ್ನು ಹಾಕಿಕೊಂಡಿದ್ದರು. ಒಳಗೆ ಬರುತ್ತಲೇ ಮಾವ "ಊಟ ಆಯ್ತೇನೇ?" ಎಂದು ಕೇಳುವುದು ಪ್ರತಿ ಕಂತಿನಲ್ಲೂ ಇದೆಯಲ್ಲ. "ಇಲ್ಲ, ಬನ್ನಿ" ಎಂದೆ.

ಪಾತ್ರೆ ತೊಳೆಯುವಾಗ ನೋಡಿದರೆ ತಟ್ಟೆ ಎರಡಿದ್ದವು.

ಇಂತಿ,
ಹಳೆಯ ಮಾವನ ಹೆಂಡತಿ