ಮೊದಲೇ ನೋಡಿದ ಸಿನಿಮಾ

ಮಾರ್ಚ್ 3, ಮಂಗಳವಾರ

ಆಸ್ಪತ್ರೆಯ ಎರಡನೇ ಲಿಫ್ಟು ಮತ್ತೆ ಕೈಕೊಟ್ಟಿತು. ಮೂರನೇ ಮಹಡಿಗೂ ನಾಲ್ಕನೆಯದಕ್ಕೂ ನಡುವೆ ತ್ರಿಶಂಕು. ಒಳಗೆ ಹಲ್ಲಿನ ಡಾಕ್ಟರು. ಲಿಫ್ಟ್ ರಿಪೇರಿಯವನು ನಾನೇ; ಬಾಗಿಲು ಬಿಡಿಸಿ, ಕೈಹಿಡಿದು ಮೇಲೆಳೆದೆ. ಥ್ಯಾಂಕ್ಸ್ ಇಲ್ಲ, ಇಷ್ಟು ಹೊತ್ತು ಬೇಕಾ ಅಂತ ಬೈದರು. ಬೈಯಲಿ. ಇವತ್ತು ಯಾರು ಬೈದರೂ ಮೈಗೆ ಹತ್ತುವುದಿಲ್ಲ.

ಶನಿವಾರದ ಟಿಕೆಟ್ ಬುಕ್ ಆಯಿತು. ‘ಸಪ್ತಪಡೆ’ — ಎರಡನೇ ಭಾಗ.

ಜೀರುಂಡೆ ಹದಿನೈದು ದಿನಕ್ಕೊಮ್ಮೆ ನನ್ನ ಪಾಲು. ಹತ್ತು ವರ್ಷದ ಮಗಳು. ಬಾಯಿಗೆ ಬಿಡುವೇ ಇಲ್ಲ, ಅದಕ್ಕೇ ಆ ಹೆಸರು. ಉಳಿದ ದಿನವೆಲ್ಲ ಅವಳಮ್ಮನ ಮನೆಯಲ್ಲಿ. ಅಂದರೆ ಅವಳಮ್ಮ ಮತ್ತು ಭುಜಕೀರ್ತಿಯ ಮನೆಯಲ್ಲಿ. ಭುಜಕೀರ್ತಿ ಈಜು ಕಲಿಸುವ ಮೇಷ್ಟ್ರು. ಬಾಗಿಲಲ್ಲಿ ಅಡ್ಡಡ್ಡ ನುಸುಳಬೇಕು, ಅಂಥ ಭುಜ. ಹೆಸರು ನಾನಿಟ್ಟದ್ದು. ಈ ಡೈರಿಯಲ್ಲಿ ಬಿಟ್ಟರೆ ಎಲ್ಲೂ ಬಾಯಿ ಬಿಟ್ಟಿಲ್ಲ.

ಮೊದಲ ಭಾಗ ನೋಡಿದ್ದು ನಾನು, ಅವಳಮ್ಮ, ಅವಳು — ಮೂವರೂ ಒಟ್ಟಿಗೆ. ನೋಡಿದ್ದೂ ಅರ್ಧವೇ. ಕಟ್ಟಡ ಕುಸಿಯುವ ಸೀನಿಗೆ ಜೀರುಂಡೆ ಕಿಟಾರನೆ ಕಿರುಚಿದಳು. ಹೊತ್ತುಕೊಂಡು ಹೊರಗೆ ಬಂದೆವು. ಪಾರ್ಕಿಂಗ್‌ನಲ್ಲಿ ದೊಡ್ಡವರಿಬ್ಬರ ಜಗಳ. ಆಮೇಲೆ ಮೂವರೂ ಸೇರಿ ಎಲ್ಲಿಗೂ ಹೋಗಲಿಲ್ಲ.

ಎರಡನೇ ಭಾಗ ನಾವಿಬ್ಬರೇ ನೋಡಬೇಕು, ಅದಕ್ಕೆ ಮೊದಲು ಇಬ್ಬರೂ ಬೇರೆ ಯಾರ ಜೊತೆಗೂ ನೋಡಬಾರದು. ಕಿರುಬೆರಳು ಕೊಟ್ಟು ಆಣೆ ಮಾಡಿದ್ದಾಳೆ. ನಾನು ಟ್ರೇಲರ್ ಕೂಡ ನೋಡಿಲ್ಲ. ಊಟದ ಹೊತ್ತಿನಲ್ಲಿ ಜೊತೆಯವರು ಮೊಬೈಲಿನಲ್ಲಿ ಹಾಕಿದರೆ ಡಬ್ಬಿ ಎತ್ತಿಕೊಂಡು ಆಚೆ ಹೋದೆ.

ಮಾರ್ಚ್ 7, ಶನಿವಾರ, ಸಂಜೆ

ಮೊದಲು ಸಿನಿಮಾದ ಮಾತು. ಏಳು ಜನ. ಒಬ್ಬೊಬ್ಬರಿಗೂ ಒಂದು ಶಕ್ತಿ, ಒಂದು ಸಿಟ್ಟು. ಊರಿಗೆ ಬೆಂಕಿ ಬಿದ್ದರೂ ಯಾರ ಸರದಿಯೂ ತಪ್ಪುವ ಹಾಗಿಲ್ಲ — ಗ್ರೂಪ್ ಫೋಟೋದಲ್ಲಿ ನೆಂಟರೆಲ್ಲ ಕತ್ತು ಚಾಚುವ ಹಾಗೆ. ಅರ್ಧ ಸಿನಿಮಾ ಒಳಜಗಳ. ಶತ್ರು ಪಾಪ, ಕಾದು ಕಾದು ಸುಸ್ತು.

ನನ್ನವನು ಬೇರಣ್ಣ. ಸಿನಿಮಾದಲ್ಲಿ ಬರೀ ‘ಬೇರು’. ಅಣ್ಣ ನಾನು ಸೇರಿಸಿದ್ದು. ಪಡೆಯ ಹಿರಿಯ. ಕೈಚಾಚಿದರೆ ಬೆರಳೆಲ್ಲ ಬೇರುಗಳಾಗಿ ಬೆಳೆದು, ಬೀಳುವ ಗೋಡೆಯನ್ನು ಅಪ್ಪಿ ಹಿಡಿಯುತ್ತವೆ. ಈ ಸಲ ಹೊಸಬನೊಬ್ಬ ಬಂದಿದ್ದಾನೆ, ‘ಹೊಳಪು’ ಅಂತ. ಹಾರುತ್ತಾನೆ, ಮಿನುಗುತ್ತಾನೆ, ಹಲ್ಲು ಕಿರಿಯುತ್ತಾನೆ. ಅವನು ಬಂದಾಗಲೆಲ್ಲ ಶಿಳ್ಳೆಯೋ ಶಿಳ್ಳೆ. ಜೀರುಂಡೆಯೂ ಚಪ್ಪಾಳೆ ತಟ್ಟಿದಳು. ಹೋದ ಸಲ ಬೇರು, ಬೇರು ಅಂತ ಕುಣಿದವಳು.

ಈಗ ಇನ್ನೊಂದು ವಿಷಯ. ಬರೆಯಲು ಕೈ ಬರುತ್ತಿಲ್ಲ.

ಜೋಕು ಬರುವ ಮೊದಲೇ ಜೀರುಂಡೆ ನಕ್ಕಳು. ಒಮ್ಮೆ ಆದರೆ ಸರಿ. ಸ್ಫೋಟಕ್ಕೆ ಮುಂಚೆಯೇ ಕಿವಿ ಮುಚ್ಚಿಕೊಂಡಳು. ಆಗ ಪರದೆಯ ಮೇಲೆ ಯಾರೋ ಆಕಳಿಸುತ್ತಿದ್ದರು ಅಷ್ಟೆ. ಇಂಟರ್‌ವಲ್‌ನಲ್ಲಿ ನಾನು ಎದ್ದೆ.

“ಅಪ್ಪ, ಬೇಗ ಬಾ. ಶುರುವಲ್ಲೇ ಬೇರು ಕೈ...” ನಾಲಗೆ ಕಚ್ಚಿಕೊಂಡಳು.

“ಬೇರು ಕೈ? ಏನು?”

“ಏನಿಲ್ಲ. ಏನಾದ್ರೂ ಆಗ್ಬಹುದು ಅಂತ ಅಂದೆ.”

“ಮೊದ್ಲೇ ನೋಡಿದ್ದೀಯಾ?”

“ಇಲ್ಲಪ್ಪ! ಆಣೆ!”

ಚಪ್ಪಲಿ ನೋಡುತ್ತಾ ಹಾಕಿದ ಆಣೆ.

ಯಾರ ಜೊತೆ ಹೋಗಿದ್ದಳೆಂದು ಕೇಳಬೇಕೇ? ಅವಳಮ್ಮನಿಗೆ ಇಂಥ ಸಿನಿಮಾ ಕಂಡರಾಗದು.

ಮಾರ್ಚ್ 8

ಭುಜಕೀರ್ತಿಯೇ ಕರೆದುಕೊಂಡು ಹೋಗಿರಬೇಕು. ಯಾವ ಸಾಲಿನಲ್ಲಿ ಕೂತಿದ್ದರು? ಮೊದಲು ನಕ್ಕಿದ್ದು ಅವನಾ, ಇವಳಾ? ಕಿವಿ ಮುಚ್ಚಿದ್ದು ಯಾರ ಕೈ? ಅವನ ಅಂಗೈ ಅಂದರೆ ಮೊರ. ಎರಡು ಕಿವಿಗೂ ಒಂದೇ ಸಾಕು.

ಮಾರ್ಚ್ 11, ಬುಧವಾರ

ಮಧ್ಯಾಹ್ನ ಹುಷಾರಿಲ್ಲ ಅಂತ ಹೇಳಿ, ಒಬ್ಬನೇ ಹೋಗಿ ಮತ್ತೆ ನೋಡಿದೆ. ಪೊಲೀಸರು ಮಹಜರಿಗೆ ಹೋದ ಹಾಗೆ. ಇಲ್ಲಿ ನಕ್ಕಿರಬೇಕು. ಇಲ್ಲಿ ಅವನ ಕಡೆ ತಿರುಗಿರಬೇಕು.

ಇಂಟರ್‌ವಲ್ ಮುಗಿದ ಕೂಡಲೇ ಆ ಸೀನು. ಹೊಳಪು ಗಾಯಗೊಂಡು ಮೇಲಿಂದ ಬೀಳುತ್ತಿದ್ದಾನೆ. ಬೇರಣ್ಣ ಕೈಚಾಚಬೇಕು. ಚಾಚುವುದಿಲ್ಲ. ಒಂದು ಗಳಿಗೆ ಸುಮ್ಮನೆ ನೋಡುತ್ತಾನೆ. ಇಡೀ ಥಿಯೇಟರು ಛೀ ಅಂದಿತು. ಹಿಂದಿನ ಸೀಟಿನ ಅಜ್ಜಿ, “ಹೊಟ್ಟೆಕಿಚ್ಚಿನ ಪ್ರಾಣಿ!” ಅಂದರು. ಅಷ್ಟು ಜನರಲ್ಲಿ ಅವನ ಕಡೆ ಇದ್ದದ್ದು ನಾನೊಬ್ಬನೇ. ಇಷ್ಟು ವರ್ಷ ಗೋಡೆ ಹಿಡಿದು ನಿಂತವನಿಗೆ ಒಂದು ಗಳಿಗೆ ಸುಮ್ಮನಿರುವ ಹಕ್ಕೂ ಇಲ್ಲವಾ?

ಆಮೇಲೆ ಚಾಚುತ್ತಾನೆ, ಬದುಕಿಸುತ್ತಾನೆ. ಇಲ್ಲದಿದ್ದರೆ ಮೂರನೇ ಭಾಗ ತೆಗೆಯುವುದು ಹೇಗೆ.

ಹೊರಗೆ ಬಂದು ಅವಳಮ್ಮನಿಗೆ ಫೋನ್ ಮಾಡಿದೆ. ಮಾಡಬಾರದಿತ್ತು.

“ನಾನು ತೋರಿಸ್ಬೇಕಿದ್ದ ಸಿನಿಮಾ ಅವನ್ಯಾಕೆ ತೋರಿಸಿದ?”

“ಯಾವ ಸಿನಿಮಾ?”

ಹೇಳಿದೆ.

“ನಂಗೆ ಗೊತ್ತೇ ಇಲ್ವಲ್ಲ. ಈಜೋಕೆ ಅಂತ ಹೋಗಿದ್ರು ಇಬ್ರೂ. ಅದಕ್ಕೇ ಟವೆಲ್ ಒದ್ದೆನೇ ಆಗಿರ್ಲಿಲ್ಲ,” ಅಂದಳು.

ಅಂದರೆ ಅವರಿಬ್ಬರದೇ ಗುಟ್ಟು. ಅಮ್ಮನಿಗೂ ಪಾಲಿಲ್ಲ. ಇದು ಇನ್ನೂ ಕೆಟ್ಟದು. ಇವತ್ತು ಭುಜಕೀರ್ತಿಗೆ ಮನೆಯಲ್ಲಿ ಮಂಗಳಾರತಿ ಗ್ಯಾರಂಟಿ. ಖುಷಿಯಾಯಿತು. ಇಲ್ಲಾದರೂ ನಿಜ ಬರೆಯಬೇಕಲ್ಲ.

ಮಾರ್ಚ್ 13, ಶುಕ್ರವಾರ

ಅವನು ಕೆಲಸದ ಜಾಗಕ್ಕೇ ಬಂದ. ಲಿಫ್ಟಿನ ತಲೆಯ ಮೇಲೆ ಕೂತು ಉಕ್ಕಿನ ಹಗ್ಗಕ್ಕೆ ಎಣ್ಣೆ ಹಚ್ಚುತ್ತಿದ್ದೆ. ತೆರೆದಿಟ್ಟ ಬಾಗಿಲಲ್ಲಿ ಮೊದಲು ಭುಜ ಕಂಡಿತು, ಆಮೇಲೆ ಮುಖ.

“ಸ್ವಲ್ಪ ಮಾತಾಡ್ಬೇಕಿತ್ತು.”

“ಮಾತಾಡಿ.” ನಾನು ಏಳಲಿಲ್ಲ.

“ಅವಳೇ ಕೇಳಿದ್ದು. ಹೋದ ಸಲ ಅತ್ತು ಸಿನಿಮಾ ಹಾಳು ಮಾಡ್ಬಿಟ್ಟೆ, ಅದಕ್ಕೇ ಅಪ್ಪ ಅಮ್ಮ ಜಗಳ ಆಡಿ ಬೇರೆ ಆದ್ರು ಅಂತ ಅವಳ ತಲೇಲಿ ಕೂತಿದೆ. ಹೆದರೋ ಜಾಗ ಎಲ್ಲೆಲ್ಲಿ ಬರುತ್ತೆ ಅಂತ ಮೊದ್ಲೇ ಗೊತ್ತಿದ್ರೆ ನಿಮ್ ಜೊತೆ ಕೂತಾಗ ಅಳಲ್ಲ ಅಂದ್ಲು. ಅಪ್ಪ ಈ ಸಲ ಪೂರ್ತಿ ನೋಡ್ಬೇಕು ಅಂದ್ಲು.”

ಎಣ್ಣೆಬಟ್ಟೆ ಕೈಯಲ್ಲೇ ಉಳಿಯಿತು.

“ಯಾರಿಗೂ ಹೇಳ್ಬೇಡಿ ಅಂತ ಮಾತು ತಗೊಂಡಿದ್ಲು. ಈಗ ಅದನ್ನೂ ಮುರಿದೆ. ಅವಳ ಮೇಲೆ ಬೇಜಾರು ಮಾಡ್ಕೋಬೇಡಿ.”

“ಅತ್ಲಾ?”

“ಹ್ಞಾಂ?”

“ನಿಮ್ ಜೊತೆ ನೋಡ್ದಾಗ. ಅತ್ಲಾ?”

“ತುಂಬಾ. ಅರ್ಧ ಸಿನಿಮಾ ನನ್ ತೋಳಲ್ಲೇ ಮುಖ ಹುದುಗಿಸ್ಕೊಂಡಿದ್ಲು.”

ಅದನ್ನು ಹೇಳಬೇಕಿರಲಿಲ್ಲ. ಪಾಪದವನು, ಕೇಳಿದ್ದಕ್ಕೆ ಹೇಳಿದ.

ಎಲ್ಲ ನನಗಾಗಿಯೇ ಮಾಡಿದ್ದು. ಎದೆ ತುಂಬಿ ಬರಬೇಕು. ಬಂತು ಕೂಡ. ಆದರೆ... ಅವನ ಮುಂದೆ ಅಳಬಹುದು. ನನ್ನ ಮುಂದೆ ರಿಹರ್ಸಲ್ ಮಾಡಿಕೊಂಡು ಬಂದು ಕೂರಬೇಕು. ಅವನು ನನ್ನಿಂದ ಕಿತ್ತುಕೊಂಡದ್ದು ಸಿನಿಮಾ ಅಲ್ಲ, ಅವಳ ಅಳು. ಕಿತ್ತುಕೊಂಡದ್ದೂ ಅಲ್ಲ, ತಾನಾಗಿ ಸಿಕ್ಕಿದ್ದು. ಅದಕ್ಕೇ ಉರಿ ಜಾಸ್ತಿ.

ಮಾರ್ಚ್ 21, ಶನಿವಾರ

ಜೀರುಂಡೆ ಬಂದಳು. ಬ್ಯಾಗು ಹೆಗಲಿಂದ ಇಳಿಸಲೂ ಇಲ್ಲ. ಬ್ರೆಡ್ ಸುಟ್ಟುಕೊಟ್ಟೆ. ತಳವೆಲ್ಲ ಇದ್ದಿಲು.

“ಚೆನ್ನಾಗಿದೆ ಅಪ್ಪ.”

“ಸೀದ್ರೆ ಸೀದಿದೆ ಅನ್ನು. ನಾನೇನು ನೆಂಟನಾ?”

ತಟ್ಟೆ ನೋಡುತ್ತಾ ಕೂತಳು. ಎದುರಿಗೆ ಕೂತೆ.

“ಪಾರ್ಕಿಂಗ್ ಜಗಳ ನಿನ್ನಿಂದ ಅಲ್ಲ ಕಣೇ. ನೀನು ಅವತ್ತು ನಕ್ಕಿದ್ರೂ ನಾವು ಆಡ್ತಿದ್ವಿ. ಅದಕ್ಕೂ ಮುಂಚಿಂದ ಆಡ್ತಾನೇ ಇದ್ವಿ, ನೀನು ಮಲಗಿದ ಮೇಲೆ.”

“ಅಂಕಲ್ ಹೇಳ್ಬಿಟ್ರಾ?”

“ಹೇಳಿದ್ರು. ಒಳ್ಳೇದೇ ಮಾಡಿದ್ರು.” ಈ ಮಾತನ್ನು ಇಕ್ಕಳ ಹಾಕಿ ಎಳೆಯಬೇಕಾಯಿತು.

“ನಂಗೆ ಈಗ್ಲೂ ಭಯ ಆಗುತ್ತಪ್ಪ. ಕತ್ತಲಲ್ಲಿ, ಜೋರು ಸದ್ದಿಗೆ. ನೀನು ಹೆದರೋದೇ ಇಲ್ವಲ್ಲ.”

“ಹೆದರ್ತೀನಿ.”

“ಯಾವುದಕ್ಕೆ?”

“ಒಂದು ಶನಿವಾರ ನೀನು ಬರಲ್ಲ ಅಂದ್ಬಿಟ್ರೆ ಅಂತ.”

ಸುಮ್ಮನಾದಳು. ಜೀರುಂಡೆ ಸುಮ್ಮನಾದರೆ ಏನೋ ಕಾದಿದೆ ಅಂತಲೇ. ಆಮೇಲೆ ಅತ್ತಳು — ಹೋ ಅಂತ, ಪಕ್ಕದ ಮನೆಯಾಕೆ ಬಾಗಿಲು ತಟ್ಟಿ ಏನಾಯ್ತು ಅಂತ ಕೇಳುವಷ್ಟು. ಸಿಂಬಳವೆಲ್ಲ ನನ್ನ ಅಂಗಿಗೆ. ಬೆನ್ನು ಸವರುತ್ತಾ ಕೂತೆ. ನನ್ನ ಕಣ್ಣೂ ನೆಟ್ಟಗಿರಲಿಲ್ಲ.

ಆದರೂ ತಲೆಯ ಒಂದು ಮೂಲೆ ಹೋಲಿಸಿ ನೋಡುತ್ತಲೇ ಇತ್ತು. ಥಿಯೇಟರಿನಲ್ಲಿ ಇಷ್ಟು ಜೋರಾಗಿ ಅತ್ತಿರಲಿಕ್ಕಿಲ್ಲ. ಅತ್ತಿದ್ದರೆ ಹೊರಗೆ ಹಾಕುತ್ತಿದ್ದರು.

ಮಾರ್ಚ್ 22, ಭಾನುವಾರ

ಬಿಟ್ಟು ಬಂದೆ. ಗೇಟಿನ ಹತ್ತಿರ ಕೈ ಬಿಡದೆ ನಿಂತಳು.

“ಮೂರನೇ ಭಾಗಕ್ಕೆ ಮೂರೂ ಜನ ಹೋಗೋಣ್ವಾ? ನೀನು, ನಾನು, ಅಂಕಲ್?”

“ನೋಡೋಣ.”

ನನ್ನ ‘ನೋಡೋಣ’ ಅಂದರೆ ಇಲ್ಲ ಅಂತ ಅವಳಿಗೆ ಗೊತ್ತು. ಮುಖವನ್ನೇ ನೋಡಿದಳು.

“ಸರಿ ಮಾರಾಯ್ತಿ, ಹೋಗೋಣ.”

ಒಪ್ಪಿದ್ದಾಯಿತು. ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ. ಅವಳು ನಡುವೆ ಕೂರಲಿ. ಈಚೆ ನಾನು, ಆಚೆ ಅವನು. ಆ ಭುಜಕ್ಕೆ ಅವಳ ಸೀಟೂ ಅರ್ಧ ಬೇಕಾಗುತ್ತದೆ. ಒಳ್ಳೆಯದೇ ಆಯಿತು, ನನ್ನ ಕಡೆಗೇ ಸರಿಯಬೇಕು. ಹೆದರಿದರೆ ಹತ್ತಿರದ ತೋಳು ನನ್ನದೇ. ಅಲ್ಲಿಯವರೆಗೆ ಎಲ್ಲ ಸರಿ. ಆದರೆ ಪಾಪ್‌ಕಾರ್ನ್ ಡಬ್ಬ ಯಾರ ತೊಡೆಯ ಮೇಲೆ —